ಬಾಯಿಪಾಠದಿಂದ ಹುಟ್ಟುವ ನಗೆ

(ಹಾಸನದಲ್ಲಿ ಓದುಗ ಗೆಳೆಯರ ಒಂದು ಸಂಜೆಯ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಎರಡೆರಡು ಸಲ ಬಂದಿದ್ದನ್ನು ತೆಗೆದಿದ್ದೇನೆ. ಉಳಿದದ್ದು ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಹಾಸ್ಯದ ಬಗ್ಗೆ ಭಾಷಣ ಅಂದರೆ ಜನಕ್ಕೆ ಎರಡು ಭಯ ಇರುತ್ತದೆ. ಈ ಮನುಷ್ಯ ನಗಿಸಲೇಬೇಕು ಅಂತ ಹಟಕ್ಕೆ ಬೀಳುತ್ತಾನೇನೋ ಅನ್ನುವುದು ಒಂದು. ನಗೆಯನ್ನು ಬಿಡಿಸಿ ಬಿಡಿಸಿ ಹೇಳಿ ಕೊಂದೇ ಹಾಕುತ್ತಾನೇನೋ ಅನ್ನುವುದು ಇನ್ನೊಂದು. ಎರಡನೆಯದನ್ನು ನಾನು ಖಂಡಿತ ಮಾಡುತ್ತೇನೆ. ಅದಕ್ಕೆ ಮೊದಲು ಒಂದು ವಚನ ಕೇಳಿಬಿಡಿ. ಪಕ್ಕದ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದು.

ಉಳ್ಳವರು ಹೋಂಸ್ಟೇಯ ಮಾಡುವರು
ನಾನೇನ ಮಾಡುವೆ ಬಡವನಯ್ಯಾ
ಎನ್ನ ಹಟ್ಟಿಯೇ ರೂಮು, ಒಲೆಯೇ ಕ್ಯಾಂಪ್‌ಫೈರು,
ಇಂಬಳವೇ ರೂಮ್ ಸರ್ವಿಸಯ್ಯಾ!

ನಕ್ಕಿರಿ. ಇದು ಬಸವಣ್ಣನವರ ವಚನದ ಅಣಕ ಅಂತ ನಾನು ಹೇಳಲಿಲ್ಲ, ನೀವೂ ಕೇಳಲಿಲ್ಲ. ನಾನು 'ಹೋಂಸ್ಟೇ' ಅಂದಾಗ ನಿಮ್ಮ ಕಿವಿ 'ಶಿವಾಲಯ' ಅಂದುಕೊಂಡಿತು. ನಾನು 'ಹಟ್ಟಿಯೇ ರೂಮು' ಅಂದಾಗ ಒಳಗೆ 'ಎನ್ನ ಕಾಲೇ ಕಂಬ, ದೇಹವೇ ದೇಗುಲ' ಓಡುತ್ತಿತ್ತು. ನಾಲ್ಕನೆಯ ಸಾಲಿಗೆ ಬರುವ ಹೊತ್ತಿಗೆ 'ಹೊನ್ನ ಕಳಶ' ಕಾಯುತ್ತಾ ನಿಂತಿತ್ತು. ಆ ಜಾಗಕ್ಕೆ ಇಂಬಳ, ಅದೇ ಮಲೆನಾಡಿನ ಜಿಗಣೆ, ಬಂದು ಕೂತಿತು. ನಗೆ ಬಂದದ್ದು ಅಲ್ಲಿ. ಅಂದರೆ ಅರ್ಧ ಜೋಕು ಮಾತ್ರ ನನ್ನದು. ಉಳಿದರ್ಧ ನೀವು ಮನೆಯಿಂದ ತಂದದ್ದು.

ಈ ಅರ್ಧ ನಿಮಗೆ ಎಲ್ಲಿಂದ ಸಿಕ್ಕಿತು? ಯಾರೂ ವಚನ ಸಂಪುಟ ಓದಿಕೊಂಡು ಇಲ್ಲಿಗೆ ಬಂದಿಲ್ಲ. ಸ್ಕೂಲಿನಲ್ಲಿ ಕಂಠಪಾಠಕ್ಕೆ ಅಂಕ ಇತ್ತಲ್ಲ, ಅಲ್ಲಿಂದ. ಮೇಷ್ಟ್ರು ಬೆಂಚ್ ಮೇಲೆ ನಿಲ್ಲಿಸಿ ಹೇಳಿಸಿದರಲ್ಲ, ಅಲ್ಲಿಂದ. ರೇಡಿಯೊದಲ್ಲಿ ಬೆಳಿಗ್ಗೆ ಹೊತ್ತು ವಚನ ಗಾಯನ ಬರುತ್ತಿತ್ತಲ್ಲ, ಅಲ್ಲಿಂದ. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದೊಂದೇ. ಹಳೆಯ ಪಠ್ಯವನ್ನು ನೆನೆಸಿಕೊಂಡು ಹುಟ್ಟುವ ಹಾಸ್ಯಕ್ಕೆ ಕಪಾಟಿನಲ್ಲಿರುವ ಪುಸ್ತಕ ಸಾಲದು, ಬಾಯಲ್ಲಿರುವ ಸಾಲು ಬೇಕು. ಒಂದು ಊರು ಏನನ್ನು ಬಾಯಿಪಾಠ ಮಾಡಿಕೊಂಡಿದೆಯೋ ಅದರಿಂದ ಮಾತ್ರ ಆ ಊರು ನಗುತ್ತದೆ.

ಈ ವಚನವನ್ನು ಇನ್ನೂ ಸ್ವಲ್ಪ ಹೊತ್ತು ಬಿಡುವುದಿಲ್ಲ. ಇಲ್ಲಿ ನಗೆಗೆ ಸಿಕ್ಕಿಬಿದ್ದವರು ಯಾರು? ಬಸವಣ್ಣ ಅಲ್ಲ, ಅಲ್ವಾ? ಸಿಕ್ಕಿಬಿದ್ದದ್ದು ಹೋಂಸ್ಟೇ ಮಾಡಿದವರು, ಮಾಡಲಾರದೆ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿ ಉಳಿದವರನ್ನು ಮರೆತ ನಾವು. ಇನ್ನೂ ಒಂದು ವಿಷಯ ಇದೆ. ಮೂಲ ವಚನವೇ ಒಂದು ಕುಟುಕು. ದುಡ್ಡಿದ್ದವರು ಕಲ್ಲಿನ ಗುಡಿ ಕಟ್ಟಿಸಿ ದೊಡ್ಡವರಾಗುತ್ತಿದ್ದ ಕಾಲ ಅದು. ಬೇಲೂರಿನ ಚೆನ್ನಕೇಶವ ಗುಡಿ ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಎದ್ದದ್ದು. ಬಸವಣ್ಣ ಅದೇ ಶತಮಾನದವರು. ಅವರು ಬೇಲೂರು ನೋಡಿ ಹೇಳಿದರು ಅಂತ ನಾನು ಖಂಡಿತ ಹೇಳುತ್ತಿಲ್ಲ. ಆದರೆ ಹಾಸನ ಜಿಲ್ಲೆಯಲ್ಲಿ ಕೂತು 'ಉಳ್ಳವರು ಶಿವಾಲಯ ಮಾಡುವರು' ಅಂದರೆ ಸುತ್ತಮುತ್ತಲ ಕಲ್ಲುಗಳು ಕಿವಿ ನಿಮಿರಿಸುತ್ತವೆ. ಮೂಲದ 'ಉಳ್ಳವರು' ಅನ್ನುವುದರಲ್ಲಿ ಇವತ್ತಿಗೂ ಖಾರ ಇದೆ. ಅಣಕ ಆ ಖಾರವನ್ನೇ ಸಾಲ ತಗೊಂಡು ಇನ್ನೊಬ್ಬರ ಕಣ್ಣಿಗೆ ಎರಚಿತು. ಒಳ್ಳೆಯ ಅಣಕ ಮೂಲವನ್ನು ಹೊಡೆಯುವುದಿಲ್ಲ. ಮೂಲದ ಕೈಯಲ್ಲೇ ಹೊಡೆಸುತ್ತದೆ.

ಇಂಥ ಹಾಸ್ಯಕ್ಕೆ ದಾರಿ ಬೇಕಾದಷ್ಟಿವೆ. ನನಗೆ ಎರಡು ಬಹಳ ಇಷ್ಟ.

ಒಂದು, ಅಕ್ಷರ ಬದಲಿಸುವುದು. ಇದರ ದೊಡ್ಡ ಗುರು ನಮ್ಮ ಪಕ್ಕದಲ್ಲೇ ಇದ್ದಾನೆ. ಕಡೂರು ತಾಲ್ಲೂಕಿನ ದೇವನೂರಿನ ಲಕ್ಷ್ಮೀಶ. ಜೈಮಿನಿ ಭಾರತದ ಚಂದ್ರಹಾಸನ ಕಥೆ ಗೊತ್ತಲ್ಲ? ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಕಾಗದ ಬರೆದು ಚಂದ್ರಹಾಸನ ಕೈಯಲ್ಲೇ ಕಳಿಸುತ್ತಾನೆ. ಬಂದವನಿಗೆ ವಿಷ ಕೊಡು ಅಂತ ಅದರಲ್ಲಿದೆ. ಹುಡುಗ ಊರ ಹೊರಗಿನ ತೋಟದಲ್ಲಿ ಮಲಗಿ ನಿದ್ದೆ ಹೋಗುತ್ತಾನೆ. ದುಷ್ಟಬುದ್ಧಿಯ ಮಗಳು ಅಲ್ಲಿಗೆ ಬರುತ್ತಾಳೆ, ಹುಡುಗನನ್ನು ನೋಡುತ್ತಾಳೆ, ಕಾಗದ ಓದುತ್ತಾಳೆ. ಅವಳ ಹೆಸರು ವಿಷಯೆ. ಅಪ್ಪ ಬರೆಯುವಾಗ ಅಕ್ಷರ ತಪ್ಪಿದ್ದಾನೆ ಅಂತ ಅವಳಿಗೆ ಅನ್ನಿಸುತ್ತದೆ. 'ವಿಷವ' ಅಂತ ಇದ್ದದ್ದನ್ನು 'ವಿಷಯೆ' ಅಂತ ತಿದ್ದುತ್ತಾಳೆ. ಕೊಲೆಯ ಕಾಗದ ಲಗ್ನಪತ್ರಿಕೆ ಆಯಿತು! ನನಗಂತೂ ವಿಷಯೆ ಕನ್ನಡ ಸಾಹಿತ್ಯದ ಮೊದಲ ಪ್ರೂಫ್ ರೀಡರ್ ಥರ ಕಾಣುತ್ತಾಳೆ. ಆಮೇಲೆ ಬಂದ ಪ್ರೂಫ್ ರೀಡರುಗಳಲ್ಲಿ ಕೆಲವರು ಇದರ ಉಲ್ಟಾ ಕೆಲಸ ಮಾಡಿ ಲಗ್ನಪತ್ರಿಕೆಯಲ್ಲಿ ವಿಷ ಸೇರಿಸಿದ್ದಾರೆ, ಅದು ಬೇರೆ ವಿಚಾರ.

ಅಣಕವಾಡು ಬರೆಯುವವರು ಮಾಡುವುದೂ ವಿಷಯೆ ಮಾಡಿದ್ದನ್ನೇ. ಸಾಲು ಹಾಗೇ ಇರಬೇಕು. ಧಾಟಿ ಹಾಗೇ ಇರಬೇಕು. ಬದಲಾಗುವುದು ಎಷ್ಟು ಕಡಿಮೆಯೋ ಏಟು ಅಷ್ಟು ಜೋರು. ಹೊಸಬರು ತಪ್ಪುವುದು ಇಲ್ಲೇ. ಪೂರ್ತಿ ಹಾಡನ್ನೇ ಬದಲಿಸಿ ಹೊಸ ಹಾಡು ಬರೆದುಬಿಡುತ್ತಾರೆ. ಆಗ ಕಿವಿಗೆ ಹಳೆಯದು ಕೇಳಿಸುವುದೇ ಇಲ್ಲ.

ಎರಡನೆಯ ದಾರಿಯಲ್ಲಿ ಒಂದಕ್ಷರವನ್ನೂ ಮುಟ್ಟಬೇಕಾಗಿಲ್ಲ. ಜಾಗ ಬದಲಿಸಿದರೆ ಸಾಕು. ಕುವೆಂಪು ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. 'ಎಲ್ಲಿಯೂ ನಿಲ್ಲದಿರು, ಮನೆಯನೆಂದೂ ಕಟ್ಟದಿರು' ಅಂತ ಅವರು ಚೇತನಕ್ಕೆ ಹೇಳಿದ್ದು. ಕೈ ಅಡ್ಡ ಹಾಕಿದರೂ ನಿಲ್ಲದೆ ಕೆಸರು ಹಾರಿಸಿಕೊಂಡು ಹೋದ ಎಕ್ಸ್‌ಪ್ರೆಸ್ ಬಸ್ಸನ್ನು ನೋಡುತ್ತಾ ಒಬ್ಬ 'ಎಲ್ಲಿಯೂ ನಿಲ್ಲದಿರು' ಅಂದರೆ? ಸಿಮೆಂಟು, ಕಬ್ಬಿಣದ ರೇಟು ವಿಚಾರಿಸಿ ಬಂದವನು 'ಮನೆಯನೆಂದೂ ಕಟ್ಟದಿರು' ಅಂದರೆ? ಕವಿತೆಗೆ ಏನೂ ಆಗಲಿಲ್ಲ. ಅದು ಇದ್ದ ಎತ್ತರದಲ್ಲೇ ಇದೆ. ನಾವು ಎಷ್ಟು ಕೆಳಗಿದ್ದೇವೆ ಅನ್ನುವುದು ಕಾಣಿಸಿತು, ನಕ್ಕೆವು.

ಬಾಯಿಪಾಠದ ಮಾತಿಗೆ ಹೊರಗಿನ ಒಂದು ಸಾಕ್ಷಿ ಕೊಡುತ್ತೇನೆ. ಕ್ರಿಸ್ತಪೂರ್ವ 405ರಲ್ಲಿ ಅಥೆನ್ಸ್ ನಗರದಲ್ಲಿ ಅರಿಸ್ಟೊಫೇನಿಸ್ ಒಂದು ನಾಟಕ ಆಡಿಸಿದ. ಹೆಸರು 'ಕಪ್ಪೆಗಳು'. ಸತ್ತುಹೋದ ಇಬ್ಬರು ದೊಡ್ಡ ನಾಟಕಕಾರರು, ಈಸ್ಕಿಲಸ್ ಮತ್ತು ಯೂರಿಪಿಡೀಸ್, ಪಾತಾಳದಲ್ಲಿ ಜಗಳಕ್ಕೆ ಬೀಳುತ್ತಾರೆ. ಯಾರು ದೊಡ್ಡ ಕವಿ ಅಂತ. ಯೂರಿಪಿಡೀಸ್ ತನ್ನ ನಾಟಕಗಳ ಮೊದಲ ಸಾಲುಗಳನ್ನು ಗಂಭೀರವಾಗಿ ಹೇಳಲು ಶುರು ಮಾಡುತ್ತಾನೆ. ಇಂಥ ರಾಜ, ಇಂಥ ವಂಶದವನು, ಇಂಥ ಕಡೆ ಹೊರಟವನು... ಅಷ್ಟರಲ್ಲಿ ಈಸ್ಕಿಲಸ್ ಬಾಯಿ ಹಾಕಿ, 'ತನ್ನ ಎಣ್ಣೆ ಕುಡಿಕೆ ಕಳೆದುಕೊಂಡ' ಅಂತ ಸಾಲು ಮುಗಿಸುತ್ತಾನೆ. ಇನ್ನೊಂದು ನಾಟಕ ತೆಗೆದರೆ ಅಲ್ಲೂ ಎಣ್ಣೆ ಕುಡಿಕೆ. ಮತ್ತೊಂದು, ಅಲ್ಲೂ ಅದೇ. ಛಂದಸ್ಸಿಗೆ ಸರಿಯಾಗಿ ಕೂರುತ್ತದೆ, ಅದೇ ಮಜಾ.

ನಮ್ಮಲ್ಲಿ ಮಾಡಿದರೆ ಹೇಗಿರುತ್ತದೆ ಅಂತ ಕುಮಾರವ್ಯಾಸನ ಭಾಮಿನಿ ಷಟ್ಪದಿಯ ಧಾಟಿಯಲ್ಲಿ ಪ್ರಯತ್ನ ಮಾಡಿದ್ದೇನೆ. ಕಾವ್ಯ ಹಾಡಿ ಓದುವ ಗಮಕಿಗಳು ಕ್ಷಮಿಸಬೇಕು.

ಕುರುಕುಲಾಗ್ರಣಿ ರಾಯ ಕೌರವ
ಕೊಡೆಯ ಮರೆತನು ಬಸ್ಸಿನೊಳಗಡೆ!

ವೀರ ಫಲುಗುಣ ಬಿಲ್ಲನೆತ್ತುತ
ಕೊಡೆಯ ಮರೆತನು ಬಸ್ಸಿನೊಳಗಡೆ!

ಮಳೆ ಸುರಿಯುವ ಸಕಲೇಶಪುರ, ಮೂಡಿಗೆರೆ ಕಡೆಯವರಿಗೆ ಇದು ಜಾಸ್ತಿ ಅರ್ಥ ಆಗುತ್ತದೆ. ಅಥೆನ್ಸಿನ ಸಾವಿರಾರು ಜನ ನಕ್ಕಿದ್ದಾರೆ ಅಂದರೆ ಆ ಸಾಲುಗಳು ಅವರ ಕಿವಿಯಲ್ಲಿ ಇದ್ದವು.  ನಾಟಕ ನೋಡಿ ನೋಡಿ ಕೂತ ಸಾಲುಗಳು. ಇಲ್ಲಿ ಭಾಮಿನಿಯ ಮೂರು ನಾಲ್ಕು ಮೂರು ನಾಲ್ಕು ಮಾತ್ರೆಯ ನಡೆ ಗೊತ್ತಿಲ್ಲದವರೂ ನಕ್ಕಿರಿ. ಯಾಕೆಂದರೆ ಆ ನಡೆ ನಿಮಗೆ ಗೊತ್ತಿದೆ, ಹೆಸರು ಗೊತ್ತಿಲ್ಲ ಅಷ್ಟೆ.

ಹಳೆಯ ಕವಿಗಳೂ ಇದನ್ನೆಲ್ಲ ಮಾಡಿಯೇ ಇದ್ದಾರೆ. ಕುಮಾರವ್ಯಾಸನನ್ನು ನೋಡಿ. ಭಾರತ ಯಾಕೆ ಬರೆಯುತ್ತಿದ್ದೇನೆ, ರಾಮಾಯಣ ಯಾಕೆ ಬೇಡ ಅನ್ನುವುದಕ್ಕೆ ಅವನು ಕೊಡುವ ಕಾರಣ ಏನು? 'ತಿಣಿಕಿದನು ಫಣಿರಾಯ ರಾಮಾಯಣದ ಕವಿಗಳ ಭಾರದಲಿ.' ರಾಮಾಯಣ ಬರೆದ ಕವಿಗಳ ಭಾರ ತಡೆಯಲಾರದೆ ಭೂಮಿ ಹೊತ್ತ ಆದಿಶೇಷ ತಿಣುಕುತ್ತಿದ್ದಾನಂತೆ. ಅಲ್ಲಿ ಕಾಲಿಡಲು ತೆರಪಿಲ್ಲವಂತೆ. ಹಬ್ಬದ ಹಿಂದಿನ ದಿನ ಹಾಸನ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಮಾತು ಇದು! ತನಗಿಂತ ಹಿಂದಿನ ಕಾವ್ಯಗಳ ರಾಶಿಯನ್ನೇ ಜೋಕು ಮಾಡಿ ಕಾವ್ಯ ಶುರು ಮಾಡಿದ ಧೈರ್ಯ ನೋಡಿ.

ಆಮೇಲೆ ಉತ್ತರಕುಮಾರ. ಅವನು ಆಡುವುದೆಲ್ಲ ವೀರರ ಮಾತೇ. ಭೀಮ, ಕರ್ಣರ ಬಾಯಲ್ಲಿ ಬಂದರೆ ಮೈ ಜುಮ್ ಅನ್ನುವಂಥವು. ಅವನು ಆಡುವ ಜಾಗ ಮಾತ್ರ ಅಂತಃಪುರ, ಕೇಳುವವರು ಹೆಂಗಸರು. ಕೌರವ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಟ. 'ಉತ್ತರನ ಪೌರುಷ ಒಲೆಯ ಮುಂದೆ' ಅಂತ ಗಾದೆಯಾಗಿ ಅದು ಇವತ್ತಿಗೂ ನಮ್ಮ ಜೊತೆ ಇದೆ. ಓದು ಬರಹ ಬಾರದ ಅಜ್ಜಿಯೂ ಮೊಮ್ಮಗನಿಗೆ ಹೇಳುತ್ತಾರೆ. ಕಾವ್ಯ ಹೀಗೆ ಗಾದೆಯಾಗಿ ಇಳಿದ ಮೇಲೆ ಅದಕ್ಕೆ ಪುಸ್ತಕದ ಹಂಗಿಲ್ಲ.

ಈಗ ಕನಕದಾಸರ ರಾಮಧಾನ್ಯ ಚರಿತೆಗೆ ಬರುತ್ತೇನೆ. ಮುದ್ದೆ ತಿನ್ನುವ ಜಿಲ್ಲೆಯಲ್ಲಿ ಇದನ್ನು ಬೇಗ ಮುಗಿಸಿದರೆ ತಪ್ಪಾಗುತ್ತದೆ. ಕಥೆ ಹೀಗೆ. ರಾವಣನನ್ನು ಗೆದ್ದು ರಾಮ ಅಯೋಧ್ಯೆಗೆ ಮರಳುವ ದಾರಿಯಲ್ಲಿ ಋಷಿಗಳ ಆಶ್ರಮದಲ್ಲಿ ಊಟ. ಬಗೆಬಗೆಯ ಧಾನ್ಯದ ಅಡುಗೆ. ಇವುಗಳಲ್ಲಿ ಯಾವುದು ಮೇಲು ಅನ್ನುವ ಪ್ರಶ್ನೆ ಏಳುತ್ತದೆ. ಗೌತಮ ಮುನಿ ನರೆದಲೆಗ ಅನ್ನುತ್ತಾರೆ, ಅಂದರೆ ನಮ್ಮ ರಾಗಿ. ವ್ರೀಹಿಗೆ, ಅಂದರೆ ಭತ್ತಕ್ಕೆ, ಸಿಟ್ಟು ಬರುತ್ತದೆ. ಸಭೆಯಲ್ಲೇ ಜಗಳ. ದೇವರ ಪೂಜೆಗೆ ನಾನು, ಅಕ್ಷತೆಗೆ ನಾನು, ನೀನು ಬಡವರ ಕೂಳು ಅಂತ ಭತ್ತ. ಸತ್ತವರ ಬಾಯಿಗೆ ಹಾಕುವ ತುತ್ತೂ ನೀನೇ ಅಲ್ವಾ ಅಂತ ರಾಗಿ. ಮಳೆ ಕೈಕೊಟ್ಟ ವರ್ಷ ಜನರನ್ನು ಉಳಿಸುವವನು ನಾನು, ನೀನು ಉಳ್ಳವರ ಕಡೆಯವನು ಅಂತಲೂ ಅನ್ನುತ್ತದೆ. ರಾಮನಿಗೂ ತೀರ್ಪು ಕೊಡುವುದು ಕಷ್ಟ. ಎರಡನ್ನೂ ಆರು ತಿಂಗಳು ಸೆರೆಗೆ ಹಾಕಿಸುತ್ತಾನೆ. ಬೇಲ್ ಇಲ್ಲ. ಆರು ತಿಂಗಳ ಮೇಲೆ ತೆಗೆದು ನೋಡಿದರೆ ಭತ್ತ ಸೊರಗಿ ಕೆಟ್ಟಿದೆ, ರಾಗಿ ಹಾಕಿದ ಹಾಗೇ ಗಟ್ಟಿಯಾಗಿದೆ. ರಾಮ ರಾಗಿಯ ಪರ ತೀರ್ಪು ಕೊಟ್ಟು ತನ್ನ ರಾಘವ ಅನ್ನುವ ಹೆಸರನ್ನೂ ಅದಕ್ಕೆ ಕೊಡುತ್ತಾನೆ.

ಇದರಲ್ಲಿ ಹಳೆಯ ಪಠ್ಯ ಎಲ್ಲಿದೆ? ರಾಮಾಯಣ ಇದೆ, ಅದು ಸರಿ. ಇನ್ನೊಂದು ಜಾಣತನ ಛಂದಸ್ಸಿನಲ್ಲಿದೆ. ಇದು ಭಾಮಿನಿ ಷಟ್ಪದಿ. ಕುಮಾರವ್ಯಾಸ ಭೀಮ ದುರ್ಯೋಧನರ ಬಾಯಿಗೆ ಕೊಟ್ಟ ನಡೆ. ಕರ್ಣಪರ್ವದ ಕಾವು ಹೊತ್ತ ಆ ನಡೆಯಲ್ಲಿ ಎರಡು ಕಾಳು 'ಎಲವೋ ಎಲವೋ' ಅನ್ನುವ ಹುಮ್ಮಸ್ಸಿನಲ್ಲಿ ಬೈದಾಡುತ್ತವೆ ಅಂದುಕೊಳ್ಳಿ. ಗದುಗಿನ ಭಾರತ ಕಿವಿಯಲ್ಲಿರುವವನಿಗೆ ಇದು ಎರಡು ಪಟ್ಟು ನಗೆ. ಇಲ್ಲದವನಿಗೂ ನಷ್ಟ ಇಲ್ಲ. ರಾಗಿ ಗೆದ್ದಿತು ಅನ್ನುವುದೇ ಮುದ್ದೆ ತಿನ್ನುವವನಿಗೆ ಸಾಕು. ಅಕ್ಕಿ ರಾಗಿ ಜಗಳದ ಹಿಂದೆ ಯಾವ ಮನುಷ್ಯರ ಜಗಳ ಇದೆ ಅಂತ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಳೆಯದನ್ನು ನೆನಪಿಸುವ ಹಾಸ್ಯಕ್ಕೆ ನಾನು ಇಡುವ ಪರೀಕ್ಷೆ ಇದೇ. ಮೂಲ ಗೊತ್ತಿಲ್ಲದವನೂ ಒಂದು ಸಲ ನಗಬೇಕು. ಗೊತ್ತಿದ್ದವನು ಇನ್ನೊಂದು ಸಲ ನಗಬೇಕು. ಗೊತ್ತಿದ್ದವರು ಮಾತ್ರ ನಗುವ ಜೋಕಿನಲ್ಲಿ ನಗೆಗಿಂತ ಜಂಬ ಜಾಸ್ತಿ ಇರುತ್ತದೆ.

ಆ ಜಂಬಕ್ಕೆ ಸರಿಯಾಗಿ ಮಂಗಳಾರತಿ ಮಾಡಿದವಳು ಮನೋರಮೆ. ಮುದ್ದಣನ ರಾಮಾಶ್ವಮೇಧದ ಮನೋರಮೆ. ಗಂಡ ಕಥೆ ಹೇಳಲು ಕೂತರೆ ಸುಮ್ನೆ ಕೇಳುವ ಹೆಂಗಸಲ್ಲ ಅವಳು. 'ಪದ್ಯಂ ವಧ್ಯಂ, ಗದ್ಯಂ ಹೃದ್ಯಂ' ಅಂತ ಮೊದಲೇ ಷರತ್ತು ಹಾಕುತ್ತಾಳೆ. ಅವನು ಸಂಸ್ಕೃತ ಸುರಿದರೆ 'ನೀರಿಳಿಯದ ಗಂಟಲೊಳ್ ಕಡುಬಂ ತುರುಕಿದಂತಾಯ್ತು' ಅನ್ನುತ್ತಾಳೆ. ಕೇಳುವವರಿಗೆ ಗೊತ್ತಿಲ್ಲದ ಪಠ್ಯವನ್ನು ಎತ್ತಿ ಎತ್ತಿ ಹೇಳುವ ಎಲ್ಲ ಭಾಷಣಕಾರರೂ ಈ ಸಾಲನ್ನು ಗೋಡೆಗೆ ಹಾಕಿಕೊಳ್ಳಬೇಕು. ನಾನೂ. ಇನ್ನೊಂದು ತಮಾಷೆ ನೋಡಿ. ಇದನ್ನು ಬರೆದ ಮುದ್ದಣ ಹುಟ್ಟಿದ್ದು 1870ರಲ್ಲಿ, ತೀರಿಕೊಂಡದ್ದು 1901ರಲ್ಲಿ. ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರು. ಅಂಥವರು ಹಳಗನ್ನಡದಲ್ಲಿ ಬರೆಯುತ್ತಾರೆ. ತಿಳಿಯುವ ಹಾಗೆ ಹೇಳು ಅಂತ ರೇಗುವ ಹೆಂಡತಿ ರೇಗುವುದೂ ಹಳಗನ್ನಡದಲ್ಲೇ!

ಈಗ ಕೈಲಾಸಂ. ಇಲ್ಲಿ ನನ್ನ ಮಾತಿಗೆ ಒಂದು ತೊಡಕು ಬರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 'ತಿಪ್ಪಾರಳ್ಳಿ' ಹಾಡು ನಿಮಗೆಲ್ಲ ಗೊತ್ತು. ಅದು ಒಂದು ಇಂಗ್ಲಿಷ್ ಹಾಡಿನ ಅಣಕ. ಐರ್ಲೆಂಡಿನ ಟಿಪ್ಪರರಿ ಬಹಳ ದೂರ ಅನ್ನುವ ಹಾಡು, 1912ರದು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸಿಪಾಯಿಗಳು ಹಾಡಿಕೊಂಡು ನಡೆದದ್ದು. ಇಂಗ್ಲೆಂಡಿನಲ್ಲಿ ಓದಿ ಬಂದ ಕೈಲಾಸಂ ಟಿಪ್ಪರರಿಯನ್ನು ತಿಪ್ಪಾರಳ್ಳಿ ಮಾಡ್ಬಿಟ್ಟರು. 'ಕೋಳೀಕೆ ರಂಗ' ಕೂಡ ಹಾಗೇ, ಕಾನ್‌ಸ್ಟಾಂಟಿನೋಪಲ್ ಅನ್ನುವ ಹೆಸರಿನ ಸ್ಪೆಲಿಂಗ್ ಹಾಡುವ ಇಂಗ್ಲಿಷ್ ಹಾಡಿನ ಧಾಟಿ. ಇವತ್ತು ಈ ಸಭೆಯಲ್ಲಿ ಮೂಲ ಹಾಡು ಗೊತ್ತಿರುವವರು ಕೈ ಎತ್ತಿ ಅಂದರೆ ಎಷ್ಟು ಕೈ ಏಳುತ್ತವೆ? ಆದರೂ ತಿಪ್ಪಾರಳ್ಳಿ ಕೇಳಿ ನಗುತ್ತೇವೆ. ಹಾಗಾದರೆ ಬಾಯಿಪಾಠ ಬೇಕು ಅಂದದ್ದು ಸುಳ್ಳಾಯಿತಾ?

ನನಗೆ ಕಾಣುವುದು ಹೀಗೆ. ಕೈಲಾಸಂ ಹಾಡನ್ನೇ ನಾವು ಬಾಯಿಪಾಠ ಮಾಡಿಕೊಂಡೆವು. ಅಣಕವೇ ಮೂಲ ಆಯಿತು. ಲೋಕದಲ್ಲಿ ಇದು ಆಗಾಗ ಆಗುತ್ತದೆ. ಸ್ಪೇನ್ ದೇಶದ ಡಾನ್ ಕಿಹೋಟೆ 1605ರಲ್ಲಿ ಬಂದಾಗ ಆಗಿನ ಕುದುರೆ ವೀರರ ಕಥೆಗಳನ್ನು ಗೇಲಿ ಮಾಡಿತು. ಆ ಕಥೆಗಳನ್ನು ಈಗ ಓದುವವರು ಬಹಳ ಕಡಿಮೆ, ಕಿಹೋಟೆ ಮಾತ್ರ ಇನ್ನೂ ಗಾಳಿಯಂತ್ರಕ್ಕೆ ಭರ್ಜಿ ಹಿಡಿದು ನಿಂತಿದ್ದಾನೆ. ಇಂಗ್ಲಿಷಿನ ಮಕ್ಕಳ ಪುಸ್ತಕ ಆಲಿಸ್ ಕಥೆಯೂ ಅಷ್ಟೆ. 1865ರಲ್ಲಿ ಬಂದ ಆ ಪುಸ್ತಕದ ಕೆಲವು ಹುಚ್ಚು ಪದ್ಯಗಳು ಆಗಿನ ಮಕ್ಕಳು ಬಾಯಿಪಾಠ ಮಾಡಲೇಬೇಕಿದ್ದ ನೀತಿ ಪದ್ಯಗಳ ಅಣಕ. ಜೇನುಹುಳದ ಹಾಗೆ ದುಡಿ ಅನ್ನುವ ಪದ್ಯ ಅಲ್ಲಿ ಮೊಸಳೆ ಪದ್ಯ ಆಗಿದೆ. ನೀತಿ ಪದ್ಯ ಮರೆಗೆ ಹೋಯಿತು, ಮೊಸಳೆ ಉಳಿಯಿತು. ಆ ಆಲಿಸ್‌ಳನ್ನು ನಾ. ಕಸ್ತೂರಿ ಕನ್ನಡಕ್ಕೆ 'ಪಾತಾಳದಲ್ಲಿ ಪಾಪಚ್ಚಿ' ಮಾಡಿ ತಂದರು.

ಕಸ್ತೂರಿ ಅಂದಾಗ ಕೊರವಂಜಿ ನೆನಪಾಗಲೇಬೇಕು. 1942ರಲ್ಲಿ ರಾಶಿಯವರು, ಅಂದರೆ ಡಾ. ಎಂ. ಶಿವರಾಂ, ಶುರು ಮಾಡಿದ ಹಾಸ್ಯ ಪತ್ರಿಕೆ. ಕಸ್ತೂರಿಯವರ 'ಅನರ್ಥಕೋಶ'ದಲ್ಲಿ ಅಣಕ ಆದದ್ದು ಯಾವುದೋ ಒಂದು ಪದ್ಯ ಅಲ್ಲ, ನಿಘಂಟು ಅನ್ನುವ ರೂಪವೇ. ರಾಜರತ್ನಂ ಅವರ 'ರತ್ನನ ಪದಗಳು' ಹಾಡುವ ಕುಡುಕ ರತ್ನ ಹೆಂಡ ಮುಟ್ಟಿದ ಕೈಯಲ್ಲೇ ಬ್ರಹ್ಮನಿಗೆ ಕೈ ಜೋಡಿಸಿದಾಗ ಕಾವ್ಯದ ಮೊದಲಿಗೆ ಬರುವ ದೇವರ ಸ್ತುತಿ ಬೇರೆ ಬೆಳಕಿನಲ್ಲಿ ಕಂಡಿತು. ರೂಪದ ಮಾತು ಬಂದಾಗ ನಮ್ಮ ಹಾಸನಾಂಬೆಯ ಹುಂಡಿಯನ್ನು ಹೇಗೆ ಮರೆಯಲಿ? ವರ್ಷಕ್ಕೊಮ್ಮೆ ಗುಡಿ ಬಾಗಿಲು ತೆಗೆದು ಹುಂಡಿ ಎಣಿಸುವಾಗ ಭಕ್ತರ ಚೀಟಿಗಳು ಸಿಗುತ್ತವೆ, ಪೇಪರಿನಲ್ಲಿ ಓದಿರುತ್ತೀರಿ. ಪಾಸು ಮಾಡಿಸು, ಮದುವೆ ಮಾಡಿಸು, ಸಾಲ ತೀರಿಸು. ಬರೆದವರಿಗೆ ಅದು ತಮಾಷೆ ಅಲ್ಲ, ಅವರ ಕಷ್ಟವನ್ನು ನಾನು ನಗುವುದಿಲ್ಲ. ಪೇಪರ್ ಓದುವ ನಮಗೆ ತುಟಿಯಲ್ಲಿ ನಗೆ ಯಾಕೆ ಬರುತ್ತದೆ ಅಂದರೆ, ಹರಕೆಯ ಮಾತು ಅರ್ಜಿಯ ರೂಪದಲ್ಲಿ ಬಂದಿರುತ್ತದೆ. ತಾಲ್ಲೂಕು ಕಚೇರಿಗೆ ಬರೆದೂ ಬರೆದೂ ಕೈಗೆ ಕೂತ ರೂಪ ಅದು.

ಇನ್ನು ಗೊರೂರು. ಹಾಸನದಲ್ಲಿ ಹಾಸ್ಯದ ಮಾತಾಡಿ ಅವರ ಹೆಸರು ಎತ್ತದೆ ಇಳಿದರೆ ನೀವು ಬಿಡುತ್ತೀರಾ? ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಿಂದ 1991ರವರೆಗೆ ಇದ್ದವರು. 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂದ ಪುಸ್ತಕದ ಹೆಸರು 'ಅಮೆರಿಕದಲ್ಲಿ ಗೊರೂರು'. ಅಮೆರಿಕಕ್ಕೆ ಹೋದದ್ದು ಲೇಖಕರಾ, ಹೇಮಾವತಿ ದಂಡೆಯ ಊರಾ ಅಂತ ಹೆಸರಿನಲ್ಲೇ ಚೇಷ್ಟೆ ಇದೆ. ನನಗಂತೂ ಎರಡೂ ಹೋದವು ಅನ್ನಿಸುತ್ತದೆ. ಅವರಿಗೆ ಊರೇ ಮೊದಲ ಪಠ್ಯ. ಉಳಿದ ಲೋಕವನ್ನು ಅದರ ಪಕ್ಕ ಇಟ್ಟು ಓದಿದರು.

ನಮ್ಮ ಊರುಗಳಿಗೆ ಈ ಬಾಯಿಪಾಠ ಯಾರು ಕಲಿಸಿದರು ಅಂದರೆ ನಾನು ಮೊದಲು ಹೇಳುವುದು ಕುರುಕ್ಷೇತ್ರ ನಾಟಕ. ಹಾಸನ ಜಿಲ್ಲೆಯವರಿಗೆ ಇದರ ವಿವರ ಬೇಡ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಾಲೀಮು. ಪಾತ್ರಕ್ಕೆ ಇಷ್ಟು ಅಂತ ಕೈಯಿಂದ ದುಡ್ಡು ಹಾಕಬೇಕು, ದುರ್ಯೋಧನ ಮತ್ತು ಕೃಷ್ಣನಿಗೆ ರೇಟು ಜಾಸ್ತಿ. ಬಾಡಿಗೆ ಸೀನರಿ, ಬಾಡಿಗೆ ಕಿರೀಟ. ಹಗಲು ಕರೆಂಟ್ ಕಂಬ ಹತ್ತುವವರು ರಾತ್ರಿ ಭೀಮ. ಇಡೀ ರಾತ್ರಿ ನಾಟಕ. ದುರ್ಯೋಧನ ಒಂದು ಕಂದಪದ್ಯ ಹಾರಿಸಿದರೆ ಮುಂದೆ ಚಾಪೆ ಮೇಲೆ ಕೂತವರೇ ಎತ್ತಿಕೊಡುತ್ತಾರೆ. ಅಷ್ಟು ಗೊತ್ತು ಅವರಿಗೆ.

ಇದರ ಫಲ ನಾಟಕದ ಮಾರನೆಯ ದಿನದಿಂದ ಶುರು. ಜಮೀನಿನ ಬದುವಿನ ತಗಾದೆ ಅಂದುಕೊಳ್ಳಿ. ಸರ್ವೇಯರ್ ಚೈನು ಹಿಡಿದು ನಿಂತಿದ್ದಾರೆ. ಒಬ್ಬರು, 'ಐದು ಊರು ಕೇಳ್ತಿಲ್ಲ ಕಣಣ್ಣ, ಐದು ಅಡಿ ಬಿಡು ಸಾಕು' ಅನ್ನುತ್ತಾರೆ. ಪಕ್ಕದವರು, 'ಅವನು ಬಿಡಲ್ಲ ಸಾಮಿ, ಸೂಜಿ ಮೊನೆ ಊರೋಕೂ ಬಿಡಲ್ಲ, ಹೋದ್ವರ್ಷ ಅವನೇ ಅಲ್ವಾ ದುರ್ಯೋಧನನ ಪಾಲ್ಟು ಮಾಡಿದ್ದು' ಅನ್ನುತ್ತಾರೆ. ಬದುವಿನ ಎರಡೂ ಕಡೆಯವರು ನಗುತ್ತಾರೆ. ಜಗಳ ಮುಗಿಯುವುದಿಲ್ಲ, ಅದು ಮುಗಿಯುವಂಥದ್ದಲ್ಲ. ಆದರೆ ಆ ಗಳಿಗೆಗೆ ಕೈ ಮಿಲಾಯಿಸುವುದು ತಪ್ಪುತ್ತದೆ. ಇಬ್ಬರ ಬಾಯಲ್ಲೂ ಒಂದೇ ನಾಟಕ ಇರುವುದರಿಂದ ಆಗುವ ಕೆಲಸ ಇದು. ಮಹಾಭಾರತದಲ್ಲಿ ಆ ಸೂಜಿಯ ಮಾತಿನಿಂದ ಯುದ್ಧವೇ ಆಯಿತು. ಇಲ್ಲಿ ಅದೇ ಮಾತು ಯುದ್ಧ ತಪ್ಪಿಸುತ್ತದೆ.

ಪಠ್ಯವನ್ನೇ ಪಠ್ಯ ಅಂತ ಹಿಡಿದು ಗೇಲಿ ಮಾಡುವ ಒಂದು ಬಗೆಯೂ ಇದೆ. ಪಲ್ಲವ ದೊರೆ ಮಹೇಂದ್ರವರ್ಮ ಏಳನೆಯ ಶತಮಾನದಲ್ಲಿ ಬರೆದ 'ಮತ್ತವಿಲಾಸ' ಪ್ರಹಸನದಲ್ಲಿ ಒಬ್ಬ ಬೌದ್ಧ ಭಿಕ್ಷು ಬರುತ್ತಾನೆ. ಒಳ್ಳೆಯ ಊಟ, ಒಳ್ಳೆಯ ಹಾಸಿಗೆ ಎಲ್ಲ ಒಪ್ಪಿದ ಬುದ್ಧ ಹೆಂಡ, ಹೆಣ್ಣು ಬೇಡ ಅಂದಿರಲು ಸಾಧ್ಯವೇ ಇಲ್ಲ ಅನ್ನುವುದು ಅವನ ವಾದ. ಮುದಿ ಭಿಕ್ಷುಗಳು ಹೊಟ್ಟೆಕಿಚ್ಚಿಗೆ ಆ ಭಾಗ ಕಿತ್ತುಹಾಕಿದ್ದಾರೆ, ಕೆಡದ ಮೂಲ ಪಾಠ ಎಲ್ಲಿ ಸಿಗುತ್ತದೋ ಹುಡುಕಬೇಕು ಅನ್ನುತ್ತಾನೆ. ಸಂಶೋಧಕರನ್ನು ಇಷ್ಟು ಹಿಂದೆಯೇ ಯಾರೋ ಕಂಡುಹಿಡಿದುಬಿಟ್ಟಿದ್ದಾರಲ್ಲ ಅಂತ ನನಗೆ ಆಶ್ಚರ್ಯ.

ಈಗಿನವರಿಗೆ ಏನೂ ಬಾಯಿಪಾಠ ಇಲ್ಲ ಅನ್ನುವ ಗೊಣಗಾಟ ಕೇಳುತ್ತಿರುತ್ತೇನೆ. ನಾನು ಒಪ್ಪುವುದಿಲ್ಲ. ಇದೆ, ಬೇರೆಯದು ಇದೆ. ಪಹಣಿಗೆ ಕ್ಯೂ ನಿಂತಿದ್ದಾರೆ. ಕೌಂಟರಿನ ಒಳಗಿಂದ 'ಸರ್ವರ್ ಡೌನ್' ಅನ್ನುವ ಮಾತು. ಕ್ಯೂ ಹಿಂದಿನಿಂದ ಒಬ್ಬರು ಮೆಲ್ಲಗೆ, 'ಆಗದು ಎಂದು, ಕೈಲಾಗದು ಎಂದು...' ಅಂತ ಹಾಡಿದರೆ ಸಾಕು. 1972ರ ಬಂಗಾರದ ಮನುಷ್ಯ ಅಲ್ಲಿಗೆ ಬಂದು ನಿಂತ. 'ಕೈಕಟ್ಟಿ ಕುಳಿತರೆ' ಅನ್ನುವುದನ್ನು ಯಾರೂ ಹಾಡಬೇಕಾಗಿಲ್ಲ, ಒಳಗೆ ಕೂತವರಿಗೂ ಅದು ಕೇಳಿಸಿರುತ್ತದೆ. ಷಟ್ಪದಿ ಮಾಡುತ್ತಿದ್ದ ಕೆಲಸವನ್ನು ಸಿನಿಮಾ ಹಾಡು ಮಾಡಿದೆ. ಮೊಬೈಲಿನಲ್ಲಿ ತಿರುಗುವ ಹತ್ತು ಸೆಕೆಂಡಿನ ಡೈಲಾಗೂ ಮಾಡುತ್ತದೆ, ಆದರೆ ಅದಕ್ಕೆ ಆಯುಸ್ಸು ಕಡಿಮೆ. ಈ ತಿಂಗಳ ಡೈಲಾಗಿಗೆ ಮುಂದಿನ ತಿಂಗಳು ಅಡಿಟಿಪ್ಪಣಿ ಬೇಕಾಗುತ್ತದೆ. ನನಗೆ ಬೇಜಾರಾಗುವುದು ಇನ್ನೊಂದಕ್ಕೆ. ಮನೆಯಲ್ಲಿ ಅಜ್ಜಿಗೆ ಒಂದು ಬಾಯಿಪಾಠ, ಮೊಮ್ಮಗಳಿಗೆ ಇನ್ನೊಂದು. ಇಬ್ಬರೂ ತಮಾಷೆಯವರೇ. ಒಬ್ಬರ ಜೋಕು ಇನ್ನೊಬ್ಬರಿಗೆ ತಲುಪುವುದಿಲ್ಲ.

ಕೊನೆಗೆ ಸಭೆಯಿಂದ ಬಂದ ಒಂದು ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. ನಿವೃತ್ತ ಮೇಡಂ ಒಬ್ಬರು ಕೇಳಿದರು: 'ಎಲ್ಲ ಸರಿ ಸಾರ್, ಆದರೆ ಅಣಕ ಮಾಡಿದರೆ ಮೂಲ ಕವಿಗೆ ಅವಮಾನ ಅಲ್ವಾ?'

ನಾನು ಕಗ್ಗದ ಉದಾಹರಣೆ ಕೊಟ್ಟೆ. ಡಿವಿಜಿಯವರ ಮಂಕುತಿಮ್ಮನ ಕಗ್ಗ ಬಂದದ್ದು 1943ರಲ್ಲಿ. ಆಮೇಲೆ ಬೀಚಿಯವರು ಅದೇ ಧಾಟಿ ಹಿಡಿದು 'ಅಂದನಾ ತಿಮ್ಮ' ಬರೆದರು. ಕಗ್ಗ ಕುಗ್ಗಿತಾ? ಇವತ್ತಿಗೂ ಮದುವೆ ಉಡುಗೊರೆಗೆ, ಬೀಳ್ಕೊಡುಗೆ ಭಾಷಣಕ್ಕೆ ಕಗ್ಗವೇ ಬೇಕು. ಬೀಚಿಗೂ ಅವರದೇ ಓದುಗರು ಇದ್ದಾರೆ. ಹತ್ತು ಜನರ ಬಾಯಲ್ಲಿ ಇಲ್ಲದ ಪದ್ಯವನ್ನು ಅಣಕ ಮಾಡಲು ಯಾರೂ ಕೈ ಹಾಕುವುದಿಲ್ಲ. ನನ್ನದೂ ಒಂದು ಕವನ ಸಂಕಲನ ಬಂದಿದೆ ಮೇಡಂ. ಇದುವರೆಗೆ ಒಬ್ಬರೂ ಅಣಕ ಮಾಡಿಲ್ಲ.